ಮಡಿಲಿನ ಮಾಧ್ಯಮ ಯಾವುದು, ಕನ್ನಡಿಗಾ?



ನಾಮಫಲಕಕ್ಕಾಗಿ ಹೋರಾಡಿದ್ದೇವೆ. ನೌಕರಿಗಾಗಿ ಹೋರಾಡಿದ್ದೇವೆ. 1982ರಲ್ಲಿ ಗೋಕಾಕ್ ವರದಿ ಜಾರಿಗೆ ಬರಲಿ ಎಂದು ನಾಡೇ ಬೀದಿಗಿಳಿದಾಗ ಅದರ ಮೊದಲ ಕಿಡಿ ಹೊತ್ತಿದ್ದು ನಮ್ಮ ಧಾರವಾಡ ಸೀಮೆಯಲ್ಲಿ. ಆ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಅಂದರೆ 1997ರಲ್ಲಿ ಧಾರವಾಡದಿಂದ ಬೇರೆಯಾದ ನಮ್ಮ ಹಾವೇರಿ ಜಿಲ್ಲೆಯಲ್ಲಿ. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂದು ಆದೇಶ ಹೊರಡಿಸಿತು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಕೋರ್ಟಿನ ಮೆಟ್ಟಿಲು ಹತ್ತಿದವು. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮ ಆರಿಸುವುದು ತಂದೆ ತಾಯಿಯ ಹಕ್ಕು, ಸರ್ಕಾರ ಅದನ್ನು ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಆ ತೀರ್ಪಿನ ನೋವು ನಮಗೆಲ್ಲ ಇದೆ. ಆದರೆ ಇವತ್ತು ಬೇರೆ ಒಂದು ಪ್ರಶ್ನೆ ಕೇಳಬೇಕಾಗಿದೆ. ಶಾಲೆಗಿಂತ ಮೊದಲು ಮಗುವಿಗೆ ಇನ್ನೊಂದು ಶಾಲೆ ಇದೆ. ಅದಕ್ಕೆ ಫೀಸಿಲ್ಲ, ಆಡಳಿತ ಮಂಡಳಿಯಿಲ್ಲ, ಡೊನೇಷನ್ ಇಲ್ಲ. ಅದು ತಾಯಿಯ ಮಡಿಲು, ಅಜ್ಜನ ತೊಡೆ. ಅಲ್ಲಿ ಯಾವ ಭಾಷೆ ನಡೆಯಬೇಕೆಂದು ಯಾವ ಕೋರ್ಟೂ ಹೇಳಿಲ್ಲ, ಹೇಳುವುದೂ ಇಲ್ಲ. ಅಲ್ಲಿ ನೀವೇ ಸರ್ಕಾರ, ನೀವೇ ಸುಪ್ರೀಂ ಕೋರ್ಟು. ಹಾಗಿದ್ದರೆ ನಿಮ್ಮ ಮನೆಯ ಮಡಿಲಿನ ಮಾಧ್ಯಮ ಯಾವುದು?

ಅಂಗಡಿಗೆ ಹೋಗಿ ನೋಡಿ!

ಹಾವೇರಿಯಲ್ಲಾಗಲಿ, ರಾಣೆಬೆನ್ನೂರಿನಲ್ಲಾಗಲಿ, ಬ್ಯಾಡಗಿಯಲ್ಲಾಗಲಿ, ನೋಟ್‌ಬುಕ್ಕು ಪೆನ್ನು ಮಾರುವ ಯಾವುದೇ ಅಂಗಡಿಗೆ ಹೋಗಿ. "ಮೂರು ವರ್ಷದ ಕೂಸಿಗೆ ಓದಿ ಹೇಳಾಕ ಒಂದು ಚಿತ್ರದ ಪುಸ್ತಕ ಕೊಡ್ರಿ" ಎಂದು ಕೇಳಿ. ನಿಮ್ಮ ಮುಂದೆ ಬರುವುದು ಏನು? ಎ ಫಾರ್ ಆಪಲ್ ಇರುವ ಹೊಳೆಯುವ ಪುಸ್ತಕ. ಮಳೆಗೆ "ಹೋಗು" ಎಂದು ಹೇಳುವ ಇಂಗ್ಲಿಷ್ ರೈಮ್ಸ್ ಪುಸ್ತಕ. ಮಳೆಯ ದಾರಿ ಕಾದು ಕಾದು ಮುಗಿಲು ನೋಡುವ ನಮ್ಮ ಬಯಲುಸೀಮೆಯ ಕೂಸಿಗೆ ಮಳೆ ಹೋಗಲಿ ಎಂದು ಹಾಡುವುದನ್ನು ಕಲಿಸುತ್ತಿದ್ದೇವೆ! ಕನ್ನಡದ್ದು ಬೇಕು ಎಂದು ಒತ್ತಾಯ ಮಾಡಿದರೆ ಮೂಲೆಯಿಂದ ಒಂದು ಅಂಕಲಿಪಿ ಹೊರಗೆ ಬರುತ್ತದೆ.

ಅಂಕಲಿಪಿಗೆ ನಮ್ಮ ಗೌರವವಿದೆ. ಮೂರು ತಲೆಮಾರಿಗೆ ಅಕ್ಷರ ಕಲಿಸಿದ ಪುಸ್ತಕ ಅದು. ಆದರೆ ಅಂಕಲಿಪಿ ಕಥೆಯ ಪುಸ್ತಕವಲ್ಲ. ಅರಸ, ಆನೆ, ಇಲಿ, ಈಶ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿರುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಕೂಸಿಗೆ ಬೇಕಾದದ್ದು ಇಲಿಗೆ ಮುಂದೆ ಏನಾಯಿತು ಎನ್ನುವ ಸಂಗತಿ. ಅಕ್ಷರ ಕಲಿಯುವುದಕ್ಕೆ ಮೊದಲು ಅಕ್ಷರ ಯಾತಕ್ಕೆ ಬೇಕು ಎಂದು ಮಗುವಿಗೆ ಗೊತ್ತಾಗಬೇಕು. ಪುಸ್ತಕ ತೆರೆದರೆ ಕಥೆ ಬರುತ್ತದೆ ಎಂಬ ರುಚಿ ಹತ್ತಬೇಕು. ಆ ರುಚಿ ಹತ್ತಿಸುವುದು ಚಿತ್ರಪುಸ್ತಕ, ಮತ್ತು ಅದನ್ನು ಓದಿ ಹೇಳುವ ಮನೆಯವರ ದನಿ.

ತಂದೆ ತಾಯಂದಿರನ್ನು ಬೈಯುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಎಲ್‌ಕೆಜಿ ಸೀಟಿಗೆ ಮಗುವನ್ನು ಮಾತಾಡಿಸಿ ನೋಡುತ್ತಾರೆ, ಕಲರ್ ಹೆಸರು ಇಂಗ್ಲಿಷಿನಲ್ಲಿ ಹೇಳದಿದ್ದರೆ ಸೀಟು ಸಿಗುವುದಿಲ್ಲ ಎಂಬ ಭಯ ಅವರಿಗಿದೆ. ಆ ಭಯದಿಂದ ದುಡ್ಡು ಮಾಡಿಕೊಳ್ಳುವವರು ಬೇರೆ ಇದ್ದಾರೆ. ಆದರೆ ಎರಡು ವರ್ಷದ ಕೂಸಿನ ಕೈಯಿಂದ ಕಥೆ ಕಿತ್ತುಕೊಂಡು ಹಣ್ಣುಗಳ ಹೆಸರಿನ ಪಟ್ಟಿ ಕೊಟ್ಟರೆ ಇಂಗ್ಲಿಷೂ ಬರುವುದಿಲ್ಲ, ಕನ್ನಡವೂ ನಿಲ್ಲುವುದಿಲ್ಲ. ಎರಡೂ ದಂಡೆ ಬಿಟ್ಟು ಮಗು ನಡುನೀರಿನಲ್ಲಿ ನಿಲ್ಲುತ್ತದೆ.

ಜಗತ್ತು ಏನು ಮಾಡುತ್ತಿದೆ?

ಯಾವ ಇಂಗ್ಲಿಷಿಗಾಗಿ ನಾವು ಜೀವ ಬಿಡುತ್ತಿದ್ದೇವೋ ಆ ಇಂಗ್ಲಿಷಿನ ಜನ ಏನು ಮಾಡುತ್ತಾರೆ ನೋಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1992ರಲ್ಲಿ ಬುಕ್‌ಸ್ಟಾರ್ಟ್ ಎಂಬ ಕೆಲಸ ಸುರುವಾಯಿತು. ಸುಮಾರು 300 ಹಸುಗೂಸುಗಳ ಮನೆಗೆ ಪುಸ್ತಕದ ಪೊಟ್ಟಣ ಕೊಟ್ಟು, ಓದಿ ಹೇಳಿ ಎಂದು ತಂದೆ ತಾಯಿಗೆ ತಿಳಿಸಿದರು. ಆಮೇಲೆ ಅದು ದೇಶದ ತುಂಬ ಹರಡಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಮಗು ಹುಟ್ಟಿದಾಗಿನಿಂದಲೇ ಅದಕ್ಕೆ ಗಟ್ಟಿಯಾಗಿ ಓದಿ ಹೇಳುವಂತೆ ತಂದೆ ತಾಯಿಗೆ ತಿಳಿಹೇಳಬೇಕು ಎಂದು ತನ್ನ ಡಾಕ್ಟರುಗಳಿಗೆ ಸೂಚನೆ ಕೊಟ್ಟಿತು. ಲಸಿಕೆ ಹಾಕಿಸಿ ಎಂದು ಹೇಳುವ ಬಾಯಲ್ಲೇ ಪುಸ್ತಕ ಓದಿ ಎಂದು ಹೇಳುವುದು! ಅವರು ತಮ್ಮ ಕೂಸುಗಳಿಗೆ ಓದುವುದು ಮನೆಯಲ್ಲಿ ಆಡುವ ಮಾತಿನಲ್ಲಿ. ಯುನೆಸ್ಕೋ ಸಂಸ್ಥೆ 1953ರಷ್ಟು ಹಿಂದೆಯೇ, ಮಗುವಿನ ಕಲಿಕೆ ಸುರುವಾಗಬೇಕಾದದ್ದು ತಾಯ್ನುಡಿಯಲ್ಲಿ ಎಂದು ವರದಿ ಕೊಟ್ಟಿತ್ತು. ಜಗತ್ತೇ ಒಪ್ಪಿದ ಮಾತು ನಮಗೆ ಮಾತ್ರ ಹಳ್ಳಿಗರ ಹಟವಾಗಿ ಕಾಣುವುದು ಯಾಕೆ?

ಹಾಗಾದರೆ ಯಾವ ಪುಸ್ತಕ ತರಬೇಕು? ಬರೀ ಕನ್ನಡ ಅಕ್ಷರ ಇದ್ದರೆ ಸಾಕೇ? ಸಾಲದು ಬಂಧುಗಳೇ! ಕನ್ನಡ ಅಕ್ಷರದಲ್ಲಿ ಅಚ್ಚಾದದ್ದೆಲ್ಲ ಕನ್ನಡವಲ್ಲ. ಆರಿಸುವಾಗ ನಾಲ್ಕು ಪರೀಕ್ಷೆ ಮಾಡಿ.

ಮೊದಲ ಪರೀಕ್ಷೆ ಕಿವಿಯದು

ಅಂಗಡಿಯಲ್ಲೇ ನಿಂತು ಎರಡು ಪುಟ ಗಟ್ಟಿಯಾಗಿ ಓದಿ. ನಾಚಿಕೆ ಬೇಡ. ಮೆಣಸಿನಕಾಯಿ ಕೊಳ್ಳುವಾಗ ಮುರಿದು, ಮೂಸಿ ನೋಡಿ ಕೊಳ್ಳುವ ಜನ ನಾವು. ಪುಸ್ತಕವನ್ನು ಮಾತ್ರ ಹೊದಿಕೆ ನೋಡಿ ಕೊಳ್ಳುವುದೇ?

ಓದುವಾಗ ನಿಮ್ಮ ನಾಲಿಗೆ ತೊಡರಿದರೆ ಆ ಪುಸ್ತಕ ಅಲ್ಲೇ ಬಿಡಿ. "ಇಲಿಯು ಬೆಕ್ಕಿನಿಂದ ಹಿಡಿಯಲ್ಪಟ್ಟಿತು" ಎಂದು ಬರೆದ ಪುಸ್ತಕ ಇಂಗ್ಲಿಷಿನಿಂದ ಕತ್ತು ಹಿಡಿದು ಎಳೆದು ತಂದದ್ದು. ನಮ್ಮ ಯಾವ ಅಜ್ಜಿ ಹಾಗೆ ಮಾತಾಡಿದ್ದಾಳೆ? "ಬೆಕ್ಕು ಇಲೀನ ಹಿಡೀತು" ಅನ್ನುತ್ತಾಳೆ. ಮಕ್ಕಳ ಪುಸ್ತಕದಲ್ಲಿ "ಲ್ಪಟ್ಟಿತು" ಕಂಡರೆ ಅನುವಾದ ಮಾಡಿದವರು ಕೂಸಿನ ಮುಖ ನೆನೆಸಿಕೊಂಡು ಬರೆದಿಲ್ಲ ಎಂದೇ ಲೆಕ್ಕ.

ಕನ್ನಡಕ್ಕೆ ಕಥೆ ಹೇಳುವ ಒಂದು ದೊಡ್ಡ ಶಕ್ತಿ ಇದೆ. ನಮ್ಮಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. "ಇಲಿ ಬಂತು. ಚೀಲದ ಬಾಯಿಗೆ ಮೂತಿ ಇಟ್ಟಿತು. ಒಂದೇ ಒಂದು ಕಾಳನ್ನು..." ಎಂದು ಅಲ್ಲಿಗೆ ನಿಲ್ಲಿಸಿ. ಕೂಸು ಉಸಿರು ಹಿಡಿದು ನಿಮ್ಮ ಬಾಯಿ ನೋಡುತ್ತದೆ. ಪುಟ ತಿರುವಿ "ನುಂಗೇಬಿಟ್ಟಿತು!" ಅನ್ನಿ. ನಗು ನೋಡಿ ಆಮೇಲೆ! ಇಂಗ್ಲಿಷಿನಲ್ಲಿ ಏನು ಮಾಡಿತು ಎಂಬುದು ಮೊದಲು ಬಂದು, ಏನನ್ನು ಎಂಬುದು ಆಮೇಲೆ ಬರುತ್ತದೆ. ಇಂಗ್ಲಿಷಿನ ಪುಟ ಎಲ್ಲಿ ಮುರಿದಿದೆಯೋ ಅಲ್ಲೇ ಕನ್ನಡವನ್ನೂ ಮುರಿದರೆ ಕಥೆಯ ಕುತೂಹಲವೂ ಮುರಿಯುತ್ತದೆ. ಒಳ್ಳೆಯ ಅನುವಾದಕ ಇದನ್ನು ಬಲ್ಲ. ಪುಟದ ಕೊನೆಯ ಸಾಲು ಓದಿ, ಮುಂದಿನ ಪುಟ ತಿರುವಬೇಕು ಅನ್ನಿಸುತ್ತದೆಯೇ ನೋಡಿ. ಅನ್ನಿಸಿದರೆ ಪುಸ್ತಕ ಪಾಸು.

ಸದ್ದಿನ ಮಾತು ಎಷ್ಟಿವೆ ಎಂದೂ ನೋಡಿ. ದಡದಡ, ಚಟಪಟ, ಗುಳುಗುಳು, ಸರಕ್ಕನೆ, ದುಡುದುಡು. ಇಂಥ ಮಾತಿನಲ್ಲಿ ಕನ್ನಡದಷ್ಟು ಸಿರಿವಂತ ಭಾಷೆ ಕಡಿಮೆ. ಮಗು ಮೊದಲು ಹಿಡಿಯುವುದು ಇವನ್ನೇ. ಇವಿಲ್ಲದ ಪುಸ್ತಕ ಉಪ್ಪಿಲ್ಲದ ಪಲ್ಯ. ಇನ್ನು ಒಂದೇ ಸಾಲು ಮತ್ತೆ ಮತ್ತೆ ತಿರುಗಿ ಬರುವ ಕಥೆ ಸಿಕ್ಕರೆ ಬಿಡಬೇಡಿ. ಮೂರನೇ ದಿನ ಆ ಸಾಲನ್ನು ಕೂಸೇ ಹೇಳುತ್ತದೆ.

ಎರಡನೇ ಪರೀಕ್ಷೆ ಮನೆಮಾತಿನದು

ಇಲ್ಲಿ ಒಂದು ಖಾರದ ಮಾತು ಹೇಳಲೇಬೇಕು. ಇಂಗ್ಲಿಷ್ ಹೇರಿಕೆ, ಹಿಂದಿ ಹೇರಿಕೆ ಎಂದು ಕೂಗುವ ನಾವು, ನಮ್ಮದೇ ಕನ್ನಡದೊಳಗೆ ನಡೆಯುವ ಮೇಲು ಕೀಳಿನ ಬಗ್ಗೆ ಬಾಯಿ ಬಿಡುವುದಿಲ್ಲ. ಚಿತ್ರಪುಸ್ತಕಗಳ ಕನ್ನಡ ಬಹುಪಾಲು ಬೆಂಗಳೂರು ಮೈಸೂರಿನದು. ಅಲ್ಲಿ ಹಸು ಇದೆ, ನಮ್ಮಲ್ಲಿ ಆಕಳು. ಅಲ್ಲಿ ಮೇಕೆ, ನಮ್ಮಲ್ಲಿ ಆಡು. ಅಲ್ಲಿ ಈರುಳ್ಳಿ, ನಮ್ಮಲ್ಲಿ ಉಳ್ಳಾಗಡ್ಡಿ. ಅಲ್ಲಿ ಎತ್ತಿನ ಗಾಡಿ, ನಮ್ಮಲ್ಲಿ ಚಕ್ಕಡಿ. ಅಲ್ಲಿ ಅಮ್ಮ ಕರೆಯುತ್ತಾಳೆ, ನಮ್ಮ ಮನೆಯಲ್ಲಿ ಅವ್ವ ಕರೆಯುತ್ತಾಳೆ. ಕೂಸು ತನ್ನ ಅವ್ವನ ಹೆಸರು ಪುಸ್ತಕದಲ್ಲಿ ಎಲ್ಲೂ ಕಾಣದಿದ್ದರೆ ಪುಸ್ತಕ ಎಂದರೆ ಬೇರೆಯವರ ಮನೆಯದು ಎಂದೇ ತಿಳಿಯುತ್ತದೆ. ಹಾವೇರಿಯ ಮಗುವಿನ ಕೀಳರಿಮೆ ಇಂಗ್ಲಿಷಿನಿಂದ ಸುರುವಾಗುವುದಕ್ಕೆ ಮೊದಲು ಇಲ್ಲಿಂದಲೇ ಸುರುವಾಗುತ್ತದೆ!

ಹಾಗಂತ ಆ ಪುಸ್ತಕ ಬಿಸಾಡಬೇಕೇ? ಬೇಡ. ಓದುವಾಗ ತಿರುಗಿಸಿಕೊಳ್ಳಿ. "ಹಸು ಹುಲ್ಲು ತಿನ್ನುತ್ತಿದೆ" ಎಂದು ಅಚ್ಚಾಗಿದ್ದರೆ "ಆಕಳ ಹುಲ್ಲು ತಿನ್ನಾಕತ್ತೈತಿ ನೋಡು" ಎಂದು ಓದಿ. ಇದು ತಪ್ಪಲ್ಲ, ಪುಸ್ತಕಕ್ಕೆ ಅವಮಾನವೂ ಅಲ್ಲ. ಎರಡನೇ ಸಲ ಓದುವಾಗ ಹಸು ಅಂದರೂ ಅದೇ, ಆಕಳ ಅಂದರೂ ಅದೇ ಎಂದು ಹೇಳಿ. ಮಗುವಿಗೆ ಒಂದರ ಬದಲು ಎರಡು ಶಬ್ದ ಸಿಗುತ್ತವೆ. ನಾಳೆ ಶಾಲೆಯ ಪಠ್ಯದಲ್ಲಿ ಹಸು ಬಂದಾಗ ಅದು ಹೆದರುವುದಿಲ್ಲ, ತನ್ನ ಆಕಳನ್ನು ಬಿಟ್ಟುಕೊಡುವುದೂ ಇಲ್ಲ.

ಮನೆಮಾತು ಉರ್ದು, ಲಂಬಾಣಿ, ಮರಾಠಿ ಇರುವ ತಾಯಂದಿರೂ ಈ ಮೂರೂ ಊರಲ್ಲಿ ಬಹಳ ಇದ್ದಾರೆ. ಅವರಿಗೂ ಇದೇ ಮಾತು. ಕನ್ನಡ ಪುಸ್ತಕದ ಚಿತ್ರ ತೋರಿಸಿ ಮೊದಲು ನಿಮ್ಮ ಮಾತಿನಲ್ಲಿ ಕಥೆ ಹೇಳಿ, ಆಮೇಲೆ ಕನ್ನಡದಲ್ಲಿ ಓದಿ. ತಾಯಿಯ ಮಾತನ್ನು ಬಿಡಿಸಿ ಬೆಳೆಸಿದ ಕನ್ನಡ ನಮಗೆ ಬೇಡ. ನಾವು ಯಾವ ನ್ಯಾಯ ಕೇಳುತ್ತೇವೋ ಅದೇ ನ್ಯಾಯ ಅವರಿಗೂ ಸಲ್ಲಬೇಕು.

ಮೂರನೇ ಪರೀಕ್ಷೆ ಕಣ್ಣಿನದು

ಅಕ್ಷರವನ್ನು ಕೈಯಿಂದ ಮುಚ್ಚಿ ಬರೀ ಚಿತ್ರ ನೋಡುತ್ತ ಹೋಗಿ. ಕಥೆ ಅರ್ಧ ತಿಳಿಯಿತೇ? ಹಾಗಿದ್ದರೆ ಒಳ್ಳೆಯ ಚಿತ್ರಪುಸ್ತಕ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಕೈ ಉರಿಯುತ್ತ ಸಂಜೆ ಮನೆಗೆ ಬರುವ ಎಷ್ಟೋ ತಾಯಂದಿರಿಗೆ ಓದು ಬರುವುದಿಲ್ಲ. ಅವರಿಗೆ ಇಂಥ ಪುಸ್ತಕವೇ ಬೇಕು. ಚಿತ್ರ ನೋಡಿ ತಮ್ಮದೇ ಕಥೆ ಕಟ್ಟಿ ಹೇಳಬಹುದು, ದೊಡ್ಡ ಮಗಳು ಪುಟ ತಿರುವಬಹುದು. ಅಕ್ಷರ ಬಾರದವರು ಪುಸ್ತಕ ಓದಿ ಹೇಳಲಾರರು ಎಂಬುದು ಸುಳ್ಳು. ಅಕ್ಷರವೇ ಇಲ್ಲದ, ಬರೀ ಚಿತ್ರದ ಪುಸ್ತಕಗಳೂ ಇವೆ.

ಚಿತ್ರದಲ್ಲಿ ಏನಿದೆ ಎಂಬುದೂ ಮುಖ್ಯ. ಹಿಮದ ಮನೆ ಇರಲಿ, ಜೀಬ್ರಾ ಇರಲಿ, ಕೂಸಿಗೆ ಲೋಕವೆಲ್ಲ ಬೇಕು. ಆದರೆ ತನ್ನ ಲೋಕ ಒಂದು ಪುಟದಲ್ಲೂ ಇಲ್ಲದಿದ್ದರೆ ಹೇಗೆ? ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ಚಿಗರಿ ಹಿಂಡು ಹೊಲಕ್ಕೆ ಇಳಿಯುವುದನ್ನು ಕಂಡ ಮಕ್ಕಳಿಗೆ ಚಿಗರಿಯ ಚಿತ್ರಪುಸ್ತಕ ಎಲ್ಲಿದೆ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರ ಬಣ್ಣ ದೇಶ ವಿದೇಶ ಸುತ್ತುತ್ತದೆ. ಕಣ್ಣು ಹಾಯುವಷ್ಟು ದೂರ ಕೆಂಪಗೆ ಹಾಸಿದ ಆ ಕಣವನ್ನು ಯಾವ ಮಕ್ಕಳ ಪುಸ್ತಕದಲ್ಲಿ ಕಂಡಿದ್ದೀರಿ? ತುಂಗಭದ್ರೆ, ವರದೆ, ಜಾತ್ರೆಯ ತೇರು, ಏಲಕ್ಕಿ ಹಾರ ಕಟ್ಟುವ ಬೆರಳು? ನಮ್ಮ ಬಣ್ಣವೆಲ್ಲ ಹೊರಗೆ ಹೋಗುತ್ತದೆ, ನಮ್ಮ ಮಕ್ಕಳ ಪುಸ್ತಕಕ್ಕೆ ಮಾತ್ರ ಬರುವುದಿಲ್ಲ!

ನಾಲ್ಕನೇ ಪರೀಕ್ಷೆ ಹೆಸರಿನದು

ಪುಸ್ತಕದ ಒಳಪುಟದಲ್ಲಿ ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರು ಯಾರು ಎಂದು ಅಚ್ಚಾಗಿದೆಯೇ ನೋಡಿ. ಯಾರ ಹೆಸರೂ ಇಲ್ಲದಿದ್ದರೆ ಎಲ್ಲಿಂದಲೋ ಎತ್ತಿದ ಚಿತ್ರ, ಯಾರಿಂದಲೋ ಗೀಚಿಸಿದ ಮಾತು ಎಂದು ಅನುಮಾನ ಪಡಿ. ತನ್ನ ಹೆಸರು ಹಾಕುವಷ್ಟು ಜವಾಬ್ದಾರಿ ಇಲ್ಲದವನು ನಿಮ್ಮ ಕೂಸಿನ ಬಗ್ಗೆ ಏನು ಜವಾಬ್ದಾರಿ ಹೊರುತ್ತಾನೆ?

ಇದರ ಜೊತೆಗೆ ಇನ್ನೆರಡು ಮಾತು. ಕಥೆ ಮುಗಿದ ಮೇಲೆ ಕೆಳಗೆ ಡಬ್ಬಿ ಕಟ್ಟಿ "ನೀತಿ" ಎಂದು ಅಚ್ಚು ಹಾಕಿದ್ದರೆ ಆ ಸಾಲು ಓದಬೇಡಿ. ಒಳ್ಳೆಯ ಕಥೆಗೆ ಬಾಲ ಬೇಡ. ವಯಸ್ಸಿಗೆ ತಕ್ಕಂತೆ ಮಾತಿನ ಅಳತೆಯನ್ನೂ ನೋಡಿ. ಒಂದೆರಡು ವರ್ಷದ ಕೂಸಿಗೆ ದಪ್ಪ ರಟ್ಟಿನ ಪುಸ್ತಕ, ಪುಟಕ್ಕೆ ಒಂದು ಸಾಲು. ಮೂರು ದಾಟಿದ ಮೇಲೆ ಎರಡು ಮೂರು ಸಾಲು. ಐದರ ಹೊತ್ತಿಗೆ ಸಣ್ಣ ಕಥೆ. ಪುಸ್ತಕ ಹರಿದರೆ ಹೊಡೆಯಬೇಡಿ, ಅಂಟಿಸಿ. ಹರಿಯುವಷ್ಟು ಓದಿಸಿಕೊಂಡ ಪುಸ್ತಕವೇ ಗೆದ್ದ ಪುಸ್ತಕ.

ಯಾಕೆ ಕಡಿಮೆ ಬರುತ್ತಿವೆ?

ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವವರಿಗೆ ಯಾವತ್ತೂ ಬರ ಇರಲಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ ಹಾಡು ಕೊಟ್ಟರು. ಕುವೆಂಪು ಕಿಂದರಿಜೋಗಿಯನ್ನು ಕನ್ನಡದವನನ್ನಾಗಿ ಮಾಡಿದರು. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗೆಂದು ಬಾಲಪ್ರಪಂಚ ಎಂಬ ದೊಡ್ಡ ಸಂಪುಟಗಳನ್ನು ತಂದರು. ಹಾಡಿತ್ತು, ಜ್ಞಾನವಿತ್ತು. ಪುಟದ ತುಂಬ ಬಣ್ಣದ ಚಿತ್ರ ಹಾಕುವ ದುಡ್ಡು ಮಾತ್ರ ಇರಲಿಲ್ಲ.

ಲೆಕ್ಕ ಸರಳ. ಕಾದಂಬರಿಗೆ ಕಪ್ಪು ಮಸಿ ಒಂದೇ ಸಾಕು. ಚಿತ್ರಪುಸ್ತಕಕ್ಕೆ ನಾಲ್ಕು ಬಣ್ಣದ ಅಚ್ಚು, ಒಳ್ಳೆಯ ಕಾಗದ, ಚಿತ್ರಕಾರನ ಸಂಭಾವನೆ ಬೇಕು. ಪುಟ ನೋಡಿದರೆ ಹದಿನಾರೋ ಇಪ್ಪತ್ನಾಲ್ಕೋ. ಪುಟ ಎಣಿಸಿ ಪುಸ್ತಕಕ್ಕೆ ಬೆಲೆ ಕಟ್ಟುವ ನಮ್ಮ ರೂಢಿಯಲ್ಲಿ ಇಪ್ಪತ್ನಾಲ್ಕು ಪುಟದ ಪುಸ್ತಕ ಯಾವ ಪ್ರಕಾಶಕನಿಗೂ ಗಿಟ್ಟುವುದಿಲ್ಲ. ಅದಕ್ಕೇ ದೊಡ್ಡ ಸಂಸ್ಥೆಗಳು ಒಂದೇ ಚಿತ್ರವನ್ನು ಹತ್ತು ಭಾಷೆಗೆ ಒಟ್ಟಿಗೆ ಅಚ್ಚು ಹಾಕಿ, ಕಪ್ಪು ಮಸಿಯ ತಟ್ಟೆ ಒಂದನ್ನು ಮಾತ್ರ ಬದಲಾಯಿಸಿ ಆಯಾ ಭಾಷೆಯ ಮಾತನ್ನು ಕೂರಿಸುತ್ತವೆ. ಅಗ್ಗವಾಗುತ್ತದೆ, ನಿಜ. ಆದರೆ ಇಂಗ್ಲಿಷಿಗೋ ಹಿಂದಿಗೋ ಬಿಟ್ಟ ಜಾಗದಲ್ಲಿ ಕನ್ನಡ ಇಕ್ಕಟ್ಟಾಗಿ ಕೂರುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಬಸ್ಸಿನಲ್ಲಿ ಸೀಟು ಸಿಗದೆ ಮೂಲೆಯಲ್ಲಿ ನಿಂತ ಹಾಗೆ!

ಎಲ್ಲಿ ಸಿಗುತ್ತವೆ?

ಆದರೂ ಕೈಕಟ್ಟಿ ಕೂರುವ ಕಾರಣವಿಲ್ಲ. 1957ರಲ್ಲಿ ಹುಟ್ಟಿದ ನ್ಯಾಷನಲ್ ಬುಕ್ ಟ್ರಸ್ಟ್ ಕೇಂದ್ರ ಸರ್ಕಾರದ ಸಂಸ್ಥೆ, ಅದರ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಚಿತ್ರಪುಸ್ತಕಗಳಿವೆ. 2004ರಲ್ಲಿ ಬೆಂಗಳೂರಿನಲ್ಲಿ ಸುರುವಾದ ಪ್ರಥಮ್ ಬುಕ್ಸ್ ಅಗ್ಗದ ಬೆಲೆಗೆ ಕನ್ನಡದಲ್ಲೂ ಪುಸ್ತಕ ತರುತ್ತದೆ. ಚೆನ್ನೈನ ತೂಲಿಕಾ ಕನ್ನಡ ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕ ತರುತ್ತದೆ. ಇಂಗ್ಲಿಷ್ ಬೇಕೇ ಬೇಕು ಎನ್ನುವ ಮನೆಯವರಿಗೆ ಇಂಥದ್ದು ತೋರಿಸಿ, ಜಗಳವೇ ಇರುವುದಿಲ್ಲ. ಮೊದಲು ಕನ್ನಡ ಓದಲಿ, ಅಷ್ಟೆ.

ಎಲ್ಲಕ್ಕಿಂತ ದೊಡ್ಡ ಅಸ್ತ್ರ ಬೇರೆ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಪುಸ್ತಕ ಭಂಡಾರವನ್ನು ಇಂಟರ್ನೆಟ್ಟಿನಲ್ಲಿ ತೆರೆಯಿತು. ಕನ್ನಡದ ಚಿತ್ರಕಥೆಗಳು ಫೋನಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿಯ ಪುಸ್ತಕಗಳಿಗೆ ಮುಕ್ತ ಪರವಾನಗಿ ಇದೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ, ಏನು ಬದಲಿಸಿದ್ದೇವೆ ಎಂದು ತಿಳಿಸಿ ಯಾರು ಬೇಕಾದರೂ ಅಚ್ಚು ಹಾಕಬಹುದು, ಹಂಚಬಹುದು, ಮಾತನ್ನು ಬದಲಿಸಲೂಬಹುದು! ಅಂದರೆ ಏನು? ಮೇಕೆಯನ್ನು ಆಡು ಮಾಡಿ, ಅಮ್ಮನನ್ನು ಅವ್ವ ಮಾಡಿ, ಹಾವೇರಿಯ ಕನ್ನಡದಲ್ಲಿ ಹಾವೇರಿಯ ಪ್ರೆಸ್ಸಿನಲ್ಲೇ ಪುಸ್ತಕ ತರಬಹುದು. ಫೋನನ್ನು ಮಾತ್ರ ಕೂಸಿನ ಕೈಗೆ ಕೊಡಬೇಡಿ. ಅದು ಪುಸ್ತಕ ತಂದುಕೊಡುವ ಚೀಲ, ಪುಸ್ತಕವಲ್ಲ.

ಸಂಘಟನೆಗಳ ಗೆಳೆಯರೇ, ಈ ಮಾತು ನಮಗೇ! 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು, ದೊಡ್ಡರಂಗೇಗೌಡರು ಅಧ್ಯಕ್ಷರಾಗಿದ್ದರು. ಜನಸಾಗರ ಸೇರಿತ್ತು. ಪೆಂಡಾಲು ಬಿಚ್ಚಿದ ಮೇಲೆ ನಮ್ಮ ಜಿಲ್ಲೆಯ ಮೂರು ವರ್ಷದ ಕೂಸಿನ ಕೈಯಲ್ಲಿ ಏನು ಉಳಿಯಿತು ಎಂದು ಕೇಳಿಕೊಂಡಿದ್ದೇವೆಯೇ? ಪ್ರತಿ ನವೆಂಬರ್ 1ಕ್ಕೆ ಮೈಕು, ಫ್ಲೆಕ್ಸು, ಶಾಲು, ಹಾರ. ಹಾರ ಕಟ್ಟುವವರ ಹೊಟ್ಟೆಯ ಮೇಲೆ ಹೊಡೆಯುವ ಮಾತಲ್ಲ, ಹಾವೇರಿಯ ಏಲಕ್ಕಿ ಹಾರ ನಮ್ಮ ಹೆಮ್ಮೆ. ಫ್ಲೆಕ್ಸಿನಲ್ಲಿ ನಮ್ಮ ಮುಖ ಒಂದಿಷ್ಟು ಚಿಕ್ಕದಾಗಲಿ, ಉಳಿದ ದುಡ್ಡಿನಲ್ಲಿ ಒಂದು ಓಣಿಯ ಅಂಗನವಾಡಿಗೆ ಹತ್ತು ಚಿತ್ರಪುಸ್ತಕ ಬರಲಿ. ಇದು ಕನ್ನಡದ ಕೆಲಸವಲ್ಲವೇ?

ನಮ್ಮ ಕಥೆ ಎಲ್ಲಿ ಹೋಯಿತು?

ಅಂಗಡಿಯಲ್ಲಿ ಸಿಂಡರೆಲ್ಲಾ ಸಿಗುತ್ತಾಳೆ. ಆದರೆ ನಮ್ಮದೇ ಒಬ್ಬ ಸಿಂಡರೆಲ್ಲಾ ಇದ್ದಾಳೆ, ಹೆಸರು ಹಂಚಿ. ಮುಖಕ್ಕೆ ಮಣ್ಣಿನ ಹಂಚು ಮುಚ್ಚಿಕೊಂಡು ತನ್ನ ಚೆಲುವನ್ನು ಬಚ್ಚಿಟ್ಟ ಹುಡುಗಿ. ಕನ್ನಡದ ಹೆಣ್ಣುಮಕ್ಕಳು ಹೇಳುತ್ತ ಬಂದ ಈ ಕಥೆಯನ್ನು ಎ.ಕೆ. ರಾಮಾನುಜನ್ ಬರೆದಿಟ್ಟುಕೊಂಡರು, ಅದರ ಬಗ್ಗೆ ಅವರ ಪ್ರಬಂಧ 1982ರಲ್ಲಿ ಅಮೆರಿಕದಲ್ಲಿ ಇಂಗ್ಲಿಷ್ ಪುಸ್ತಕವೊಂದರಲ್ಲಿ ಬಂತು. ಅವರು ಸಂಗ್ರಹಿಸಿದ ಕನ್ನಡ ಕಥೆಗಳ ದೊಡ್ಡ ಗಂಟು, ಅವರು ತೀರಿಕೊಂಡ ಮೇಲೆ, 1997ರಲ್ಲಿ ಇಂಗ್ಲಿಷಿನಲ್ಲೇ ಹೊರಬಂತು. ಆ ಮಹನೀಯರಿಗೆ ನಮೋ ನಮಃ. ಆದರೆ ನಮ್ಮ ಅಜ್ಜಿಯರ ಕಥೆಯನ್ನು ಅಮೆರಿಕದ ವಿದ್ವಾಂಸರು ಓದುತ್ತಿರುವಾಗ, ನಮ್ಮ ಓಣಿಯ ಅಂಗಡಿಯಲ್ಲಿ ಗಾಜಿನ ಚಪ್ಪಲಿಯ ಸಿಂಡರೆಲ್ಲಾ ಮಾತ್ರ ಮಾರಾಟವಾಗುವುದು ಯಾವ ನ್ಯಾಯ?

ನಮ್ಮ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಜನಪದ ಕಥೆಗಳ ಬಗ್ಗೆ ಪಿಎಚ್.ಡಿ. ಆಗಲಿ, ಬೇಡವೆನ್ನುವುದಿಲ್ಲ. ಜೊತೆಗೆ ಕಾಗೆ ಗುಬ್ಬಿಯ ಕಥೆ, ಹಂಚಿಯ ಕಥೆ ಬಣ್ಣದ ಚಿತ್ರದೊಂದಿಗೆ ಇಪ್ಪತ್ನಾಲ್ಕು ಪುಟದ ಪುಸ್ತಕವಾಗಿ ಜಿಲ್ಲೆಯ ಅಂಗನವಾಡಿಗಳಿಗೆ ಹೋಗಲಿ!

ನಮ್ಮ ಹಕ್ಕೊತ್ತಾಯಗಳು

ಒಂದು: ಗ್ರಾಮ ಪಂಚಾ​ಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ "ಓದುವ ಬೆಳಕು" ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ, ಅಭಿನಂದನೆ. ಆರರೊಳಗಿನ ಕೂಸುಗಳ ಹೆಸರೂ ಹಚ್ಚಿ, ತಾಯಿಯ ಕೈಗೆ ಪುಸ್ತಕ ಕೊಟ್ಟು ಕಳಿಸಿ.

ಎರಡು: 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಹಾವೇರಿ, ರಾಣೆಬೆನ್ನೂರು ನಗರಸಭೆ, ಬ್ಯಾಡಗಿ ಪುರಸಭೆಯ ರಸೀದಿ ತೆಗೆದು ನೋಡಿಕೊಳ್ಳಿ. ಆ ದುಡ್ಡಿನಲ್ಲಿ ಪುಟ್ಟ ಮಕ್ಕಳ ಚಿತ್ರಪುಸ್ತಕಕ್ಕೆ ಬೇರೆ ಪಾಲು ಇಡಿ. ನೆಲದ ಮೇಲೆ ಕೂತು ಓದಿ ಹೇಳುವುದಕ್ಕೆ ಒಂದು ಚಾಪೆ ಹಾಸಿ.

ಮೂರು: ಪುಸ್ತಕ ಕೊಳ್ಳುವ ಇಲಾಖೆಗಳು ಚಿತ್ರಪುಸ್ತಕಕ್ಕೆ ಪುಟದ ಲೆಕ್ಕ ಬಿಟ್ಟು ಬೇರೆ ದರ ಕಟ್ಟಲಿ. ಕನ್ನಡ ಪುಸ್ತಕ ಪ್ರಾಧಿಕಾರ ಉತ್ತರ ಕರ್ನಾಟಕದ ಮಾತಿನ, ಚಿತ್ರದ ಪುಸ್ತಕಗಳಿಗೆ ಬೆಂಬಲ ಕೊಡಲಿ.

ನಾಲ್ಕು: 1975ರಲ್ಲಿ ಸುರುವಾದ ಅಂಗನವಾಡಿಗಳಲ್ಲಿ ಆಹಾರದ ಲೆಕ್ಕ ಇಡುವಂತೆ ಪುಸ್ತಕದ ಲೆಕ್ಕವನ್ನೂ ಇಡಿ. ಹರಿದದ್ದಕ್ಕೆ ಕಾರ್ಯಕರ್ತೆಯಿಂದ ದುಡ್ಡು ವಸೂಲಿ ಮಾಡಬೇಡಿ. ಆ ಭಯಕ್ಕೇ ಪುಸ್ತಕ ಟ್ರಂಕಿನಲ್ಲಿ ಕೂರುವಂತಾಗಬಾರದು.

ಬಂಧುಗಳೇ, ನೂರೈವತ್ತು ವರ್ಷದ ಹಿಂದೆ ಮುಂಬೈ ಆಡಳಿತದಲ್ಲಿದ್ದ ಈ ಸೀಮೆಯ ಶಾಲೆಗಳಲ್ಲಿ ಮರಾಠಿ ಆಳುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಶಾಲೆ ತೆರೆದರು. ಬರೀ ಬೇಡಿಕೆ ಇಟ್ಟು ಸುಮ್ಮನಿದ್ದಿದ್ದರೆ ಇವತ್ತು ನೀವು ಈ ಪತ್ರಿಕೆಯನ್ನು ಕನ್ನಡದಲ್ಲಿ ಓದುತ್ತಿರಲಿಲ್ಲ. ಪುಸ್ತಕ ಹುಡುಕಿದರು, ಇಲ್ಲದ್ದನ್ನು ಬರೆಸಿದರು. ನಮ್ಮ ಪಾಲಿನ ಕೆಲಸ ಅದಕ್ಕಿಂತ ಹಗುರ. ದಿನಕ್ಕೆ ಹತ್ತು ನಿಮಿಷ, ಒಂದು ಪುಸ್ತಕ, ಒಂದು ಮಡಿಲು.

ಸರ್ಕಾರ ಕೊಡುವವರೆಗೆ ಕಾಯಬೇಡಿ. ಈ ವಾರ ಸಂತೆಗೆ ಹೋದಾಗ ಒಂದು ಕನ್ನಡ ಚಿತ್ರಪುಸ್ತಕ ಕೇಳಿ. ಇಲ್ಲ ಎಂದರೆ "ತರಿಸಿಕೊಡ್ರಿ, ಮುಂದಿನ ವಾರ ಬರ್ತೀನಿ" ಎಂದು ಹೇಳಿ ಬನ್ನಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಅಂಗಡಿಯವನು ತಾನೇ ತೆಗೆದು ತೋರಿಸುತ್ತಾನೆ. ಅದೂ ಹೋರಾಟವೇ. ಘೋಷಣೆ ಬೇಡ, ಬಾವುಟ ಬೇಡ, ಕೇಸು ಬೀಳುವುದಿಲ್ಲ!

ಸಿರಿಗನ್ನಡಂ ಗೆಲ್ಗೆ!